ಪ್ರೊಟೊಕಾಲ್ ಆಮೇಲೆ, ಮೊದಲು ಬೋರ್ಡಿನ ನಿದ್ದೆ ಅಳೆಯಿರಿ

ವೈರ್‌ಲೆಸ್ ಸೆನ್ಸರ್‌ಗಳಲ್ಲಿ ಪಿಎಚ್.ಡಿ. ಮಾಡಬೇಕೆಂದು ಬರುವವರು ಮೊದಲ ದಿನವೇ ಹೊಸ ಪ್ರೊಟೊಕಾಲ್, ಅಂದರೆ ಸೆನ್ಸರ್‌ಗಳು ಪರಸ್ಪರ ಮಾತಾಡುವ ನಿಯಮದ ಮಾತೆತ್ತುತ್ತಾರೆ. ನಾನು ಒಂದು ಬೋರ್ಡು, ಎರಡು ಎಎ ಸೆಲ್ ಕೈಗಿಟ್ಟು, 'ಇದು ಎಷ್ಟು ದಿನ ಬದುಕುತ್ತೆ, ಹೇಳಿ' ಅನ್ನುತ್ತೇನೆ.

ಲೆಕ್ಕಕ್ಕೆ ನಾನು ಕಲಿತ ಟೆಲೋಸ್‌ಬಿ ಬೋರ್ಡೇ ಇರಲಿ, ಈಗ ಅದು ಅಟ್ಟದ ಸಾಮಾನಾದರೂ. ಅದರ ಸಿಸಿ2420 ರೇಡಿಯೊ ಕಳಿಸುವಾಗ 17.4 ಮಿಲಿಆಂಪ್ ಎಳೆಯುತ್ತದೆ, ಕೇಳುವಾಗ 18.8. ಮಾತಾಡುವುದಕ್ಕಿಂತ ಕಿವಿಗೊಟ್ಟು ಕೂರುವುದೇ ದುಬಾರಿ! ಸೆಲ್ 2500 ಎಂಎಎಚ್ (ಮಿಲಿಆಂಪ್-ಗಂಟೆ) ಅಂದುಕೊಳ್ಳಿ: ಸದಾ ಕೇಳುತ್ತಿದ್ದರೆ ಐದೂವರೆ ದಿನ, ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಕೇಳಿದರೆ ಒಂದೂವರೆ ವರ್ಷ. 2004ರ ಬಿ-ಮ್ಯಾಕ್, 2011ರ ಕಾಂಟಿಕಿಮ್ಯಾಕ್‌ನಂಥ ಪ್ರೊಟೊಕಾಲ್‌ಗಳೆಲ್ಲ, ರೇಡಿಯೊ ಯಾವಾಗ ಏಳಬೇಕು, ಯಾವಾಗ ಆರಿಸಿ ಮಲಗಬೇಕು ಎಂಬ ಈ ಎಚ್ಚರ-ನಿದ್ದೆಯ ಜಗಳವೇ.

ಇನ್ನು ಅಳತೆ. ಮಲ್ಟಿಮೀಟರನ್ನು ಮೈಕ್ರೊಆಂಪ್ ರೇಂಜಿನಲ್ಲಿ ಸೆಲ್ಲಿಗೂ ಬೋರ್ಡಿಗೂ ನಡುವೆ ಸೇರಿಸಿದರೆ ಬೋರ್ಡು ಮತ್ತೆ ಮತ್ತೆ ರೀಸೆಟ್ ಆಗಬಹುದು. ನಾನು ಎರಡು ವಾರ ಕೋಡಿನಲ್ಲಿ ತಪ್ಪು ಹುಡುಕಿದೆ. ನನ್ನ ಮೀಟರಿನ ಒಳಗೆ ಆ ರೇಂಜಿನಲ್ಲಿ 100 ಓಮ್ ಇತ್ತು. ರೇಡಿಯೊ ಎದ್ದು 20 ಮಿಲಿಆಂಪ್ ಎಳೆದ ತಕ್ಷಣ ಎರಡು ಸೆಲ್ಲಿನ 3 ವೋಲ್ಟಿನಲ್ಲಿ 2 ವೋಲ್ಟ್ ಅಲ್ಲೇ ಖರ್ಚು, ಬೋರ್ಡಿಗೆ ಉಳಿಯುವುದು ಒಂದೇ. ಉಪಾಯ ಸುಲಭ: ಮೀಟರಿನ ಎರಡೂ ತುದಿಗೆ ಒಂದು ಜಂಪರ್ ವೈರ್ ಅಡ್ಡ ಹಾಕಿ. ಬೋರ್ಡು ಮಲಗಿದ ಮೇಲೆ ವೈರ್ ತೆಗೆದು ಓದಿ, ಏಳುವ ಮೊದಲು ಮತ್ತೆ ಹಾಕಿ. ಎದ್ದಿರುವಾಗಿನ ಕರೆಂಟನ್ನು ಬೇರೆಯಾಗಿ, 10 ಓಮ್ ರೆಸಿಸ್ಟರ್ ಮತ್ತು ಆಸಿಲೋಸ್ಕೋಪಿನಲ್ಲಿ ನೋಡಿ. ಎರಡನ್ನೂ ಒಂದೇ ಏಟಿಗೆ ಅಳೆಯುವ ಯಂತ್ರಗಳಿವೆ, ಬೆಲೆ ಕೇಳಿದರೆ ಗೈಡ್ ಮುಖ ನೋಡಬೇಕಾಗುತ್ತದೆ.

ನಿದ್ದೆಯಲ್ಲಿ ಹತ್ತಿಪ್ಪತ್ತರ ಬದಲು 300 ಮೈಕ್ರೊಆಂಪ್ ಕಂಡರೆ ಚಿಪ್ಪನ್ನು ಬೈಯಬೇಡಿ, ಪುಲ್‌ಅಪ್ ರೆಸಿಸ್ಟರ್ (ಸಿಗ್ನಲ್ ತಂತಿಯನ್ನು ಬ್ಯಾಟರಿಯ ವೋಲ್ಟೇಜಿಗೆ ಎಳೆದು ಹಿಡಿಯುವುದು) ಹುಡುಕಿ. 3 ವೋಲ್ಟಿಗೆ ಕಟ್ಟಿದ 10 ಕಿಲೋಓಮಿನ ಇನ್ನೊಂದು ತುದಿ ಸೊನ್ನೆಯಲ್ಲಿ ನಿಂತರೆ ಸರಿಯಾಗಿ ಅಷ್ಟೇ ಸೋರುತ್ತದೆ. ಶಿರಸಿ ಕಡೆ ಸೋದರಮಾವನ ಅಡಿಕೆ ತೋಟದಲ್ಲಿ ದೀಪಾವಳಿಗೆ ಇಟ್ಟ ನನ್ನ ತೇವಾಂಶದ ಡಬ್ಬಿ ಹೀಗೇ ಸತ್ತಿತು. ಒಂದೂವರೆ ವರ್ಷದ ಲೆಕ್ಕ ಏಳು ತಿಂಗಳಿಗೆ ಮುಗಿಯಿತು, ಅದೂ ಮೊದಲ ಮಳೆ ಬಿದ್ದ ವಾರ. 'ನಿನ್ನ ಡಬ್ಬಿಗಿಂತ ಕಪ್ಪೆ ವಾಸಿ ಮಾರಾಯ' ಅಂದರು ಮಾವ.

ಈಗ ಆ ರೆಸಿಸ್ಟರಿನ ಮೇಲ್ತುದಿಯನ್ನು ಮೈಕ್ರೊಕಂಟ್ರೋಲರಿನ ಪಿನ್ನಿಗೇ ಕಟ್ಟುತ್ತೇನೆ. ಸೆನ್ಸರ್ ಓದುವ ಮೊದಲು ಪಿನ್ ಆನ್, ಓದಿದ ಕೂಡಲೇ ಆಫ್. ಡಬ್ಬಿ ಮುಚ್ಚುವ ಮುನ್ನ ಜಂಪರ್ ತೆಗೆದು ಇನ್ನೊಮ್ಮೆ ನಿದ್ದೆ ಅಳೆದು, ಆ ಅಂಕಿಯನ್ನು ಮಾರ್ಕರಿನಲ್ಲಿ ಮುಚ್ಚಳದ ಒಳಗೆ ಬರೆಯುತ್ತೇನೆ.