ಮಿಲ್ಲಿಂಗ್ ಹೆಡ್ ಟ್ರೂ ಮಾಡಲು ನಾನು ಇಟ್ಟುಕೊಂಡಿರುವ ಸಾಮಾನು

ಪೀಣ್ಯದ ಜಾಬ್‌ವರ್ಕ್ ಶೆಡ್‌ಗಳಲ್ಲಿ ಎಂ1ಟಿಆರ್ ಮಾದರಿಯ (ಹೆಡ್ ವಾಲಿಸಬಹುದಾದ) ಮಿಲ್ಲಿಂಗ್ ಮೆಷಿನ್ ಇರುವವರಿಗೆಲ್ಲ ಹೆಡ್ ಟ್ರೂ ಮಾಡುವ ಕೆಲಸ, ಅಂದರೆ ಕಟರ್ ತಿರುಗಿಸುವ ಸ್ಪಿಂಡಲನ್ನು ಟೇಬಲ್‌ಗೆ ಸರಿಯಾಗಿ ಲಂಬವಾಗಿ ನಿಲ್ಲಿಸುವುದು, ತಪ್ಪಿದ್ದಲ್ಲ. ಹೆಡ್ ವಾಲಿಸಿ ಆ್ಯಂಗಲ್ ಹೊಡೆದ ಮೇಲೆ ಡಿಗ್ರಿ ಗೆರೆಯನ್ನು ಸೊನ್ನೆಗೆ ತಂದು ಬಿಟ್ಟರೆ ಸಾಲದು. ಗೆರೆ ನೋಡುವಾಗ ಕಾಲು ಡಿಗ್ರಿ ತಪ್ಪಿದರೂ 200 ಮಿ.ಮೀ. ಅಗಲಕ್ಕೆ 0.87 ಮಿ.ಮೀ. ಏರುಪೇರಾಗುತ್ತದೆ. ಗೆರೆ, ಟ್ರೈ ಸ್ಕ್ವೇರ್ ಎರಡೂ ಸುಮಾರಾಗಿ ಕೂರಿಸುವುದಕ್ಕೆ ಮಾತ್ರ.

ನಿಖರವಾಗಿ ಕೂರಿಸಲು ಸ್ಪಿಂಡಲ್‌ಗೆ ಡಯಲ್ ಗೇಜ್ ಕಟ್ಟಿ, ಟೇಬಲ್ ಮೇಲೆ ಸುತ್ತ ತಿರುಗಿಸಿ, ನಾಲ್ಕು ಕಡೆಯ ರೀಡಿಂಗ್ ಹೋಲಿಸಬೇಕು. ಡಯಲ್ ವಿಚಾರದಲ್ಲಿ ಹೆಚ್ಚು ಖರ್ಚು ಬೇಡ. 0.01 ಲೀಸ್ಟ್ ಕೌಂಟ್ (ಒಂದು ಡಿವಿಷನ್ ಅಂದರೆ 0.01 ಮಿ.ಮೀ.), 0.8 ಮಿ.ಮೀ. ರೇಂಜಿನ ಲಿವರ್ ಡಯಲ್ (ತುದಿಯ ಕಡ್ಡಿ ಪಕ್ಕಕ್ಕೆ ವಾಲುವಂಥದ್ದು) ಸಾಕು. 0.002ರ ಡಯಲ್ ತಂದರೆ ಅದರ ರೇಂಜ್ 0.2 ಮಾತ್ರ, ಶುರುವಿನಲ್ಲೇ ಮುಳ್ಳು ರೇಂಜ್ ದಾಟುತ್ತದೆ. ಪ್ಲಂಜರ್ ಡಯಲ್‌ನಿಂದಲೂ (ಕಡ್ಡಿ ನೇರ ಒಳ-ಹೊರ ಸರಿಯುವಂಥದ್ದು) ಆಗುತ್ತದೆ, ಆದರೆ ಟೇಬಲಿನ ಟಿ-ಸ್ಲಾಟ್ (ಬೋಲ್ಟ್ ಕೂರುವ ಉದ್ದ ಸೀಳು) ಅಂಚಿಗೆ ಪಕ್ಕದಿಂದ ತಗುಲಿದರೆ ಪ್ಲಂಜರ್ ಬಾಗುತ್ತದೆ.

ಡಯಲ್‌ಗಿಂತ ಅದನ್ನು ಹಿಡಿಯುವ ಆರ್ಮ್ ಮುಖ್ಯ. ಕಾಲೆಟ್‌ಗೆ (ಸ್ಪಿಂಡಲಿನಲ್ಲಿ ಟೂಲ್ ಹಿಡಿಯುವ ಭಾಗ) 12 ಮಿ.ಮೀ. ರಾಡ್, ಅದಕ್ಕೆ ಅಡ್ಡಲಾಗಿ 20 ಮಿ.ಮೀ. ಚೌಕದ ಬಾರ್, ತುದಿಯಲ್ಲಿ ಡಯಲ್ ಕ್ಲಾಂಪ್. ಆರ್ಮ್ ತನ್ನ ಭಾರಕ್ಕೆ ಜಗ್ಗಿದರೆ ರೀಡಿಂಗ್ ಕೆಡುತ್ತದೆ ಎಂದು ಹಲವರು ಹೆದರುತ್ತಾರೆ. ಸ್ಪಿಂಡಲ್ ನೆಟ್ಟಗಿರುವಾಗ ಆ ಜಗ್ಗು ಸುತ್ತಲೂ ಒಂದೇ ಸಮ, ಲೆಕ್ಕಕ್ಕೆ ಬರುವುದಿಲ್ಲ. ಕಾಲೆಟ್ಟಿನ ರನ್‌ಔಟ್ (ತಿರುಗುವಾಗಿನ ಓಲಾಟ) ಕೂಡ ಅಷ್ಟೇ. ಕೆಡಿಸುವುದು ಕೈ: ಆರ್ಮ್ ಹಿಡಿದು ತಿರುಗಿಸಿದರೆ ಅದು ಬಾಗಿ ಎರಡು ಮೂರು ಡಿವಿಷನ್ ಸುಳ್ಳು ತೋರಿಸುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಸ್ಪಿಂಡಲನ್ನೇ ಹಿಡಿದು ತಿರುಗಿಸಿ.

ಮೂರನೆಯದು ರಿಂಗ್. ಗುಜರಿಯಲ್ಲಿ ಸಿಗುವ 6222 ಬೇರಿಂಗಿನ ಹೊರ ರಿಂಗ್ ಇದಕ್ಕೆ ಹೇಳಿ ಮಾಡಿಸಿದಂತಿದೆ: ಹೊರವ್ಯಾಸ 200, ದಪ್ಪ 38 ಮಿ.ಮೀ., ಎರಡೂ ಮುಖ ಗ್ರೈಂಡ್ ಆಗಿರುತ್ತದೆ. ಟಿ-ಸ್ಲಾಟ್‌ಗಳ ಮೇಲೆ ಸೇತುವೆಯಂತೆ ಕೂತು ಡಯಲಿನ ತುದಿಗೆ ಅಡೆತಡೆಯಿಲ್ಲದ ದಾರಿ ಕೊಡುತ್ತದೆ. ತಂದ ಮೇಲೆ 25–50 ಮೈಕ್ರೋಮೀಟರ್‌ನಲ್ಲಿ ಸುತ್ತ ನಾಲ್ಕು ಕಡೆ ದಪ್ಪ ಅಳೆಯಿರಿ, ಸಮ ಬರಬೇಕು. ನಂಬರ್ ಕೊರೆದ ಮುಖಕ್ಕೆ ಆಯಿಲ್ ಸ್ಟೋನ್ ಆಡಿಸಿ ಆ ಮುಖ ಕೆಳಗೆ ಹಾಕಿ. ಟೇಬಲ್‌ಗೂ ಆಯಿಲ್ ಸ್ಟೋನ್ ಆಡಿಸಲೇಬೇಕು. ಒಂದು ಸಣ್ಣ ಬರ್ (ಲೋಹದ ಉಬ್ಬಂಚು) ಸಿಕ್ಕಿದರೂ ರಿಂಗ್ ಅಲುಗಾಡುತ್ತದೆ.

ಕ್ವಿಲ್ (ಸ್ಪಿಂಡಲನ್ನು ಮೇಲೆ ಕೆಳಗೆ ಒಯ್ಯುವ ಕೊಳವೆ) ಪೂರ್ತಿ ಮೇಲೆತ್ತಿ ಲಾಕ್ ಮಾಡಿ. ನೀ (knee, ಟೇಬಲನ್ನು ಎತ್ತಿಳಿಸುವ ಭಾಗ) ಎತ್ತಿ ಡಯಲಿನ ತುದಿಗೆ 0.2 ಮಿ.ಮೀ.ನಷ್ಟು ಒತ್ತು ಕೊಟ್ಟು, ನೀ ಮತ್ತು ಸ್ಯಾಡಲ್ (ಟೇಬಲನ್ನು ಹಿಂದೆ-ಮುಂದೆ ಸರಿಸುವ ಭಾಗ) ಲಾಕ್ ಮಾಡಿ. ಹಿಂದೆ-ಮುಂದೆ ಹೊಂದಾಣಿಕೆ ಇರುವ ಮೆಷಿನ್ನಾದರೆ ಅದನ್ನು ಮೊದಲು ಮುಗಿಸಿ, ಆಮೇಲೆ ಎಡ-ಬಲ. ಒತ್ತು ಹೆಚ್ಚು ತೋರಿಸುವ ಕಡೆ ಹೆಡ್ ಕೆಳಗೆ ವಾಲಿದೆ ಎಂದರ್ಥ. ಎಡಕ್ಕೂ ಬಲಕ್ಕೂ 0.20 ವ್ಯತ್ಯಾಸ ಬಂದರೆ ಮುಳ್ಳನ್ನು 0.10 ಮಾತ್ರ ಸರಿಸಿ, ಇನ್ನರ್ಧ ಆಚೆ ಕಡೆ ತಾನೇ ಸರಿಹೋಗುತ್ತದೆ. ಹೆಡ್ ವಾಲಿಸುವ ವರ್ಮ್ ಸ್ಕ್ರೂಗೆ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಇರುವುದರಿಂದ ಯಾವಾಗಲೂ ಒಂದೇ ಕಡೆಯಿಂದ ಬನ್ನಿ. ದಾಟಿ ಹೋದರೆ ಪೂರ್ತಿ ಹಿಂದಕ್ಕೆ ಹೋಗಿ ಮತ್ತೆ ಬನ್ನಿ.

ಹೆಚ್ಚಿನ ಕೆಲಸ ಕೆಡುವುದು ಹೆಡ್ ಬೋಲ್ಟ್ ಬಿಗಿಯುವಾಗ. ಸೊನ್ನೆಗೆ ಬಂದಿದ್ದ ಹೆಡ್ ಸ್ಪ್ಯಾನರ್ ಎಳೆದ ಕೂಡಲೇ ಎರಡರಿಂದ ಐದು ಡಿವಿಷನ್ ಓಡಬಹುದು. ಬೋಲ್ಟ್‌ಗಳನ್ನು ಮೊದಲೇ ಪೂರ್ತಿ ಸಡಿಲಿಸಬೇಡಿ, ವರ್ಮ್ ಸ್ವಲ್ಪ ಬಿಗಿಯಾಗಿ ತಿರುಗುವಷ್ಟು ಹಿಡಿತ ಇರಲಿ. ಎದುರು-ಬದುರಾಗಿ, ಮೂರು ಸುತ್ತಿನಲ್ಲಿ, ಡಯಲ್ ನೋಡುತ್ತಲೇ ಬಿಗಿಯಿರಿ. ಪ್ರತಿ ಸುತ್ತಿನ ಬಳಿಕ ನಾಲ್ಕು ಕಡೆ ಮತ್ತೆ ಓದಿ. ರಿಂಗಿನ ಮೇಲೆ 0.02 ಒಳಗೆ ಬಂದರೆ ನಾನು ನಿಲ್ಲಿಸುತ್ತೇನೆ.

ಎರಡು ಡಯಲ್ ಕೂರಿಸಿದ ರೆಡಿಮೇಡ್ ಗೇಜ್ ದಿನಾ ಹೆಡ್ ವಾಲಿಸುವವರಿಗೆ ಸಮಯ ಉಳಿಸುತ್ತದೆ. ಅದರ ಎರಡೂ ಡಯಲನ್ನು ಟೇಬಲಿನ ಒಂದೇ ಜಾಗದ ಮೇಲೆ, 180 ಡಿಗ್ರಿ ತಿರುಗಿಸಿ, ಸೊನ್ನೆ ಮಾಡಬೇಕು. ಎಡ ಬಲ ಬೇರೆ ಬೇರೆ ಜಾಗದಲ್ಲಿ ಸೊನ್ನೆ ಮಾಡಿದರೆ ವಾಲಿದ ಹೆಡ್ಡನ್ನೇ ಸರಿ ಎಂದು ತೋರಿಸುತ್ತದೆ.

ಕೊನೆಗೆ ಫೇಸ್ ಕಟರ್ ಹಾಕಿ, ಎಕ್ಸ್ (ಎಡ-ಬಲ) ಕಡೆ ಫೀಡ್ ಕೊಟ್ಟು, ಪಕ್ಕಪಕ್ಕ ಎರಡು ಕಟ್ ತೆಗೆಯಿರಿ. ಮಧ್ಯೆ ಮೆಟ್ಟಿಲು ಉಗುರಿಗೆ ತಗುಲಿದರೆ ಹಿಂದೆ-ಮುಂದೆ ವಾಲು ಉಳಿದಿದೆ. ಕಟ್ಟಿನ ಮಧ್ಯ ತಟ್ಟೆಯಂತೆ ತಗ್ಗಿದರೆ ತಪ್ಪು ಎಡ-ಬಲದ್ದು.