ಲ್ಯಾನ್ ಐಸಿ ಕಿತ್ತೆ, ಬೋರ್ಡು ಆನ್ ಆಯಿತು

ತುಲಾ ತಿಂಗಳ ಮಳೆ ಶುರುವಾದರೆ ನಮ್ಮ ಬದಿಯಡ್ಕ, ಪೆರ್ಲ ಕಡೆ ಸಂಜೆ ಸಿಡಿಲು ತಪ್ಪಿದ್ದಲ್ಲ. ಮರುದಿನ ನಾನು ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಯಾರಾದರೊಬ್ಬರು ಆಟೋದಲ್ಲಿ ಸಿಪಿಯು ತಂದು ಕಾಯುತ್ತಿರುತ್ತಾರೆ. "ಸ್ವಿಚ್ ಒತ್ತಿದರೆ ಎಂತದೂ ಇಲ್ಲ." ಫ್ಯಾನ್ ಇಲ್ಲ, ಬೀಪ್ ಇಲ್ಲ. ಇಂಥದ್ದಕ್ಕೆ ಕಾಸರಗೋಡಿಗೆ ಹೋದರೂ ಮಂಗಳೂರಿಗೆ ಹೋದರೂ ಸಿಗುವ ಉತ್ತರ ಒಂದೇ: ಎಸ್‌ಎಂಪಿಎಸ್, ಅಂದರೆ ಒಳಗಿನ ಪವರ್ ಸಪ್ಲೈ ಪೆಟ್ಟಿಗೆ, ಹೋಗಿದ್ದರೆ ಅದನ್ನು ಬದಲಿಸಿ, ಅದು ಸರಿ ಇದ್ದರೆ ಮದರ್‌ಬೋರ್ಡು ವೇಸ್ಟ್, ಬಿಸಾಡಿ. ಈ 'ಬೋರ್ಡು ವೇಸ್ಟ್' ಎಂಬ ಮಾತನ್ನು ನಂಬುವುದು ಬಿಟ್ಟು ನನಗೆ ನಾಲ್ಕೈದು ಮಳೆಗಾಲ ಕಳೆದಿರಬಹುದು.

ಹಸಿರು ತಂತಿಯನ್ನು ಕಪ್ಪಿಗೆ ಮುಟ್ಟಿಸಿ ಎಸ್‌ಎಂಪಿಎಸ್ ನೋಡುವುದು, ಮುಂದಿನ ಸ್ವಿಚ್ ಬಿಟ್ಟು ಪಿನ್ನಿಗೇ ಸ್ಕ್ರೂಡ್ರೈವರ್ ತಾಗಿಸುವುದು, ರ್‍ಯಾಮ್ ಉಜ್ಜುವುದು, ಸೆಲ್ ಬದಲಿಸುವುದು ಎಲ್ಲ ರಿಪೇರಿಯವರಿಗೆ ಗೊತ್ತಿದ್ದದ್ದೇ. ನಾನು ಹೇಳುತ್ತಿರುವುದು ಅದೆಲ್ಲ ಮುಗಿದ ಮೇಲಿನ ಸಂಗತಿ.

ಎಸ್‌ಎಂಪಿಎಸ್‌ನ ನೇರಳೆ ತಂತಿಯಲ್ಲಿ 5 ವೋಲ್ಟ್ ಸ್ಟ್ಯಾಂಡ್‌ಬೈ (ಸ್ವಿಚ್ ಒತ್ತುವ ಮೊದಲೇ ಇರುವ ಕರೆಂಟು) ಇದೆ, ಬೋರ್ಡು ಆನ್ ಆಗುವುದಿಲ್ಲ. ಹೆಚ್ಚಿನವರು ಇಲ್ಲಿಗೆ ಮೀಟರ್ ಕೆಳಗಿಡುತ್ತಾರೆ. ಆ 5 ವೋಲ್ಟನ್ನು ಬೋರ್ಡಿನಲ್ಲೇ ಒಂದು ಸಣ್ಣ ರೆಗ್ಯುಲೇಟರ್ 3.3 ಮಾಡಿ ಬೋರ್ಡಿನ ಮುಖ್ಯ ಚಿಪ್ ಆದ ಚಿಪ್‌ಸೆಟ್ಟಿಗೂ ನೆಟ್‌ವರ್ಕ್ ವಯರಿನ ಚಿಪ್ ಆದ ಲ್ಯಾನ್ ಐಸಿಗೂ ಕೊಡುತ್ತದೆ. ಸ್ವಿಚ್ ಒತ್ತಿದ್ದು ಬೋರ್ಡಿಗೆ ಗೊತ್ತಾಗಬೇಕಾದರೆ ಆ 3.3 ಇರಲೇಬೇಕು. ಒಬ್ಬ ಮಾಷ್ಟ್ರ ಎಚ್61 ಎಂಬ ಹಳೆಯ ಮಾದರಿಯ ಬೋರ್ಡಿನಲ್ಲಿ ನೋಡಿದರೆ ಅಲ್ಲಿ ಮುಕ್ಕಾಲು ವೋಲ್ಟೂ ಇರಲಿಲ್ಲ. ರೆಗ್ಯುಲೇಟರ್ ಬೆರಳಿಡಲಾಗದಷ್ಟು ಬಿಸಿ. ಗುಜರಿ ಬೋರ್ಡಿನಿಂದ ಇನ್ನೊಂದು ಕಿತ್ತು ಹಾಕಿದೆ, ಅದೂ ಬಿಸಿ. ಮಂಗಳೂರಿನಿಂದ ಹೊಸತು ತರಿಸಿ ಹಾಕಿದೆ, ಅದೂ ಹಾಗೆಯೇ. ಪೂರ್ತಿ ಒಂದು ವಾರದ ಕೆಲಸ, ಸಂಪಾದನೆ ಸೊನ್ನೆ. ಮಾಷ್ಟ್ರು ದಿನಾ ಸಂಜೆ ಬಂದು ಸ್ಟೂಲಿನಲ್ಲಿ ಕೂತು "ಆಯಿತಾ?" ಎಂದು ಕೇಳಿ ಹೋಗುತ್ತಿದ್ದರು.

ರೆಗ್ಯುಲೇಟರ್ ಹಾಳಾದದ್ದಲ್ಲ, ಅದರ ಮುಂದೆ ಯಾವುದೋ ಒಂದು ಕರೆಂಟು ಎಳೆಯುತ್ತಿದೆ ಎಂಬುದಂತೂ ಖಾತ್ರಿಯಾಯಿತು. ಪವರ್ ಬಿಡಿಸಿ 3.3 ಲೈನನ್ನು ಗ್ರೌಂಡಿಗೆ ಅಳೆದರೆ ಎರಡು ಮೂರು ಓಮ್. ಒಳ್ಳೆಯ ಬೋರ್ಡಿನಲ್ಲಿ ನೂರಾರು ಬರುತ್ತದೆ. ಎಳೆಯುವ ಐಸಿ ಯಾವುದೆಂದು ನೋಡಲು ಥರ್ಮಲ್ ಕ್ಯಾಮೆರಾ ಬೇಕಂತೆ; ಅದರ ರೇಟಿಗೆ ನನ್ನ ಅಂಗಡಿಯ ವರ್ಷದ ಬಾಡಿಗೆ ಕೊಡಬಹುದು. ನಾನು ಜೇಬಿನಲ್ಲಿದ್ದ ರೇಷನ್ ಅಂಗಡಿಯ ಬಿಲ್ಲು ತೆಗೆದೆ. ಅದು ಬಿಸಿಗೆ ಕಪ್ಪಾಗುವ ಕಾಗದ ತಾನೆ. ಸ್ಟ್ಯಾಂಡ್‌ಬೈ ಕೊಟ್ಟು ಬಿಲ್ಲನ್ನು ಒಂದೊಂದೇ ಐಸಿಯ ಮೇಲೆ ಒತ್ತಿ ಹಿಡಿದೆ. ಲ್ಯಾನ್ ಸಾಕೆಟ್ಟಿನ ಹಿಂದಿನ ರಿಯಲ್‌ಟೆಕ್ ಐಸಿಯ ಮೇಲೆ ಇಟ್ಟದ್ದೇ, ಅಕ್ಕಿ ಇಷ್ಟು ಕಿಲೋ ಎಂಬ ಸಾಲಿನ ಮೇಲೆ ಕಿರುಬೆರಳಿನ ಉಗುರಿನಷ್ಟು ಕಪ್ಪು ಚೌಕ ಮೂಡಿತು.

ಈ ಐಸಿ ಕೀಳುತ್ತೇನೆ ಎಂದು ಮಂಗಳೂರಿನ ಗೆಳೆಯನಿಗೆ ಫೋನ್ ಮಾಡಿದರೆ ಅವನು ನಕ್ಕ. "ಐಸಿ ಕಿತ್ತ ಬೋರ್ಡು ಆನ್ ಆಗ್ತದಾ ಮಾರಾಯ? ಹಾಗೆ ಆದರೆ ನಾನು ಅಂಗಡಿ ಮುಚ್ಚುತ್ತೇನೆ." ಬಿಸಿಗಾಳಿಯ ಬ್ಲೋವರ್ ಹಿಡಿದು ಕಿತ್ತೆ. 3.3 ಬಂದು ಕೂತಿತು. ಪಿನ್ನಿಗೆ ಸ್ಕ್ರೂಡ್ರೈವರ್ ತಾಗಿಸಿದೆ, ಫ್ಯಾನ್ ತಿರುಗಿತು, ಡಿಸ್‌ಪ್ಲೇಯೂ ಬಂತು. ಅವನು ಅಂಗಡಿ ಮುಚ್ಚಲಿಲ್ಲ, ಅದು ಬೇರೆ ಮಾತು. ಈಗ ಸಿಡಿಲಿನ ಬೋರ್ಡುಗಳನ್ನು ಬಸ್ಸಿನಲ್ಲಿ ನನಗೇ ಕಳಿಸುತ್ತಾನೆ.

ಸೋಲ್ಡರಿಂಗ್ ಐರನ್‌ನಲ್ಲೇ ಕಿತ್ತುಬಿಡೋಣ ಎಂದು ಹೊರಡಬೇಡಿ. ಐಸಿಯ ಹೊಟ್ಟೆಯ ಕೆಳಗೆ ದೊಡ್ಡ ಗ್ರೌಂಡ್ ಪ್ಯಾಡ್ ಇರುತ್ತದೆ, ಐರನ್ ಅಲ್ಲಿಗೆ ಮುಟ್ಟುವುದಿಲ್ಲ. ಹಾಗೆ ಎಳೆದು ಟ್ರ್ಯಾಕ್ ಎಬ್ಬಿಸಿದ ಬೋರ್ಡುಗಳೂ ನನ್ನಲ್ಲಿಗೆ ಬಂದಿವೆ. ನಾನು ಬ್ಲೋವರ್ ತಂದದ್ದು ಸುಮಾರು ಮೂರೂವರೆ ಸಾವಿರಕ್ಕೆ. ಆರೇಳು ಬೋರ್ಡಿನಲ್ಲಿ ಹಣ ವಾಪಸ್ ಬಂತು. ಹಳೆಯ ಎಚ್61 ಬೋರ್ಡಿಗೆ ಎರಡೂವರೆ, ಮೂರು ಸಾವಿರ ಹೇಳುತ್ತಾರೆ. ನಾನು ತೆಗೆದುಕೊಳ್ಳುವುದು 800, ಕಿತ್ತ ಐಸಿಯ ಬದಲಿಗೆ ಸ್ಲಾಟಿಗೆ ಹಾಕುವ ಲ್ಯಾನ್ ಕಾರ್ಡಿನದ್ದು ಬೇರೆ. ಬೋರ್ಡು ಬದಲಿಸದ ಕಾರಣ ವಿಂಡೋಸ್ ಆಕ್ಟಿವೇಶನ್ನಿನ ತಕರಾರೂ ಇಲ್ಲ.

ಎಲ್ಲವೂ ಎದ್ದು ಕೂರುತ್ತವೆ ಎಂದಲ್ಲ. ಹತ್ತರಲ್ಲಿ ಮೂರು ನಾಲ್ಕು ಕೈಕೊಡುತ್ತವೆ. ಸಿಡಿಲು ಲ್ಯಾನ್ ದಾಟಿ ಚಿಪ್‌ಸೆಟ್ಟಿಗೆ ಹೋಗಿದ್ದರೆ ಬಿಲ್ಲು ಅಲ್ಲಿ ಕಪ್ಪಾಗುತ್ತದೆ. ಆಗ ನಾನೂ ಕೈಮುಗಿಯುತ್ತೇನೆ. ಓಡದಿದ್ದರೆ ಕಾಸು ಬೇಡ ಎಂಬ ನನ್ನ ಮಾತಿನಿಂದ ಮಳೆಗಾಲದಲ್ಲಿ ಒಂದೆರಡು ಸಾವಿರ ಕೂಲಿ ಹೋಗುವುದುಂಟು. ಇನ್ನು ಕೆಲವು ಬೋರ್ಡಿನಲ್ಲಿ ಶಾರ್ಟ್ ಇರುತ್ತದೆ, ಆದರೆ ಯಾವ ಐಸಿಯೂ ಬಿಸಿಯಾಗುವುದಿಲ್ಲ. ಅದಕ್ಕೆ ಬೇರೆ ದಾರಿ ಇದೆ. ಅದನ್ನು ಇಲ್ಲಿ ಬರೆದರೆ ಬಸ್ಸಿನಲ್ಲಿ ಬೋರ್ಡು ಬರುವುದು ನಿಲ್ಲುತ್ತದೆ.

ಯುಪಿಎಸ್ ಇದೆಯಲ್ಲ, ಮತ್ತೆ ಹೇಗೆ ಹೋಯಿತು ಎಂದು ಎಲ್ಲರೂ ಕೇಳುತ್ತಾರೆ. ಸಿಡಿಲು ಬಂದದ್ದು ಕರೆಂಟಿನ ದಾರಿಯಲ್ಲಲ್ಲ. ಈಗ ಮನೆಯಿಂದ ಅಡಿಕೆ ಕೊಟ್ಟಿಗೆಗೆ ಸಿಸಿಟಿವಿ ಎಂದು ಕಂಗಿನಿಂದ ಕಂಗಿಗೆ (ಅಡಿಕೆ ಮರದಿಂದ ಮರಕ್ಕೆ) ಲ್ಯಾನ್ ಕೇಬಲ್ ಎಳೆದು ಕಟ್ಟಿರುತ್ತಾರೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಅಷ್ಟುದ್ದದ ತಂತಿಯಲ್ಲಿ ವೋಲ್ಟೇಜು ಏರಿ ನೇರ ಲ್ಯಾನ್ ಐಸಿಗೆ ನುಗ್ಗುತ್ತದೆ. ನಮ್ಮ ಮುರಕಲ್ಲಿನ ನೆಲದಲ್ಲಿ ಅರ್ಥಿಂಗ್ ಬೇರೆ ಸರಿಯಾಗಿ ಸಿಗುವುದಿಲ್ಲ. ಮೋಡ ಕಂಡರೆ ಪ್ಲಗ್ಗಿನ ಜೊತೆ ಲ್ಯಾನ್ ವಯರನ್ನೂ ಎಳೆಯಿರಿ ಎಂದು ಹೇಳಿ ಹೇಳಿ ಸಾಕಾಗಿದೆ.

ನಡುವೆ ಇನ್ನೊಂದು ಪ್ರಯೋಗ. ಒಮ್ಮೆ ಒಬ್ಬರು ಬಂದು, "ಇದು ಬೆಳಿಗ್ಗೆ ಆನ್ ಆಗುದಿಲ್ಲ, ಅಡಿಕೆಯ ಒಟ್ಟಿಗೆ ಸ್ವಲ್ಪ ಬಿಸಿಲಿಗೆ ಇಟ್ಟರೆ ಆಗ್ತದೆ" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನು ನಗಲಿಲ್ಲ. ಎಸ್‌ಎಂಪಿಎಸ್ ಬಿಚ್ಚಿ, ಮನೆಯವಳ ಹೇರ್ ಡ್ರೈಯರಿನಿಂದ ಸ್ಟ್ಯಾಂಡ್‌ಬೈ ಭಾಗದ ಸಣ್ಣ ಕೆಪಾಸಿಟರ್ ಒಂದಕ್ಕೇ ಬಿಸಿಗಾಳಿ ಹಿಡಿದೆ. ಆನ್ ಆಯಿತು. 10 ಮೈಕ್ರೋಫ್ಯಾರಡ್, 50 ವೋಲ್ಟಿನದ್ದು, ಐದು ರೂಪಾಯಿ. ಒಳಗೆ ಒಣಗಿದ ಕೆಪಾಸಿಟರ್ ಬಿಸಿಯಾದಾಗ ಮಾತ್ರ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಸಾಮಾನ್ಯ ಮೀಟರಿನಲ್ಲಿ ಕೆಲವೊಮ್ಮೆ ಮೈಕ್ರೋಫ್ಯಾರಡ್ ಸರಿಯಾಗಿಯೇ ತೋರಿಸುತ್ತದೆ, ಆಗ ಇಎಸ್‌ಆರ್ (ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸ್) ಅಳೆದರಷ್ಟೇ ಕಳ್ಳ ಸಿಕ್ಕುವುದು. ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಕೂತಿರುತ್ತದೆ, ಡ್ರೈಯರ್ ಹಿಡಿಯುವಾಗ ಇನ್ನೊಂದು ಕೈ ಜೇಬಿನಲ್ಲಿರಲಿ.

ಕಿತ್ತ ಜಾಗಕ್ಕೆ ಬೇರೆ ಲ್ಯಾನ್ ಐಸಿ ಕೂರಿಸಿಯೂ ನೋಡಿದ್ದೇನೆ. ಕೂರುತ್ತದೆ, ಓಡುತ್ತದೆ. ಆದರೆ ಆ ಐಸಿ ಮೊದಲಿದ್ದ ಬೋರ್ಡಿನ ಮ್ಯಾಕ್ ನಂಬರ್ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ಗುರುತಿನ ನಂಬರ್) ಜೊತೆಗೇ ಬರುತ್ತದೆ, ನಂಬರ್ ನೋಡಿ ಓಡುವ ಸಾಫ್ಟ್‌ವೇರ್ ಇದ್ದ ಕಡೆ ತಲೆನೋವು. ಅದಕ್ಕಿಂತ ಜಾಗ ಖಾಲಿ ಬಿಟ್ಟು ಸ್ಲಾಟಿಗೆ ನಾನೂರರ ಕಾರ್ಡು ಹಾಕುವುದೇ ಲೇಸು. ಮುಂದಿನ ಸಿಡಿಲಿಗೆ ಹೋದರೂ ಹೆಚ್ಚಾಗಿ ಕಾರ್ಡಿನಲ್ಲೇ ಮುಗಿಯುತ್ತದೆ. ಮಾಷ್ಟ್ರ ಮನೆಯಲ್ಲಿ ಹೋದ ವರ್ಷ ಹಾಗೇ ಆಯಿತು. ಮತ್ತೆ ಆನ್ ಆಗುವುದಿಲ್ಲ ಎಂದು ಫೋನ್ ಮಾಡಿದರು. ಪ್ಲಗ್ ತೆಗೆದು ಕಾರ್ಡು ಎಳೆದುಬಿಡಿ, ಮತ್ತೆ ಸ್ವಿಚ್ ಒತ್ತಿ ಎಂದೆ. ಆನ್ ಆಯಿತು. ಹೊಸ ಕಾರ್ಡನ್ನು ಪೇಟೆಗೆ ಬರುವಾಗ ತೆಗೆದುಕೊಂಡು ಹೋಗಿ ಅವರೇ ಸಿಕ್ಕಿಸಿಕೊಂಡರು.