ಟ್ರ್ಯಾಕ್ ಹಾಕದೆ ನುಡಿಸುವ ನಮ್ಮ ಮಂಡ್ಯದ ಆರ್ಕೆಸ್ಟ್ರಾ

ಮಂಡ್ಯದಲ್ಲಿ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲು, ಊರ ಹಬ್ಬ, ನವೆಂಬರ್ ಪೂರ್ತಿ ರಾಜ್ಯೋತ್ಸವ. ನಮ್ಮ ತಂಡದಲ್ಲಿ ಯಾರಿಗೂ ಇದು ಕಸುಬಲ್ಲ. ಮೇಷ್ಟ್ರುಗಳು, ಸಕ್ಕರೆ ಕಾರ್ಖಾನೆ ನೌಕರರು, ಕಬ್ಬು ಬೆಳೆಯುವವರು ಸೇರಿ ಕಟ್ಟಿದ್ದು. ನಾನು ಹಾರ್ಮೋನಿಯಂ ಹಿಡಿದು ಸೇರಿದವನು, ಈಗ ಕೀಬೋರ್ಡ್ ನುಡಿಸುತ್ತೇನೆ. ನಾಲೆಯಲ್ಲಿ ನೀರು ಹರಿದು ಕಬ್ಬಿನ ದುಡ್ಡು ಕೈಗೆ ಬಂದ ವರ್ಷ ಹಳ್ಳಿಗಳಿಂದ ಕರೆ ಜಾಸ್ತಿ. ಕನ್ನಂಬಾಡಿ ತುಂಬದ ವರ್ಷ ನಮಗೂ ಕೆಲಸವಿಲ್ಲ.

ಎಂಬತ್ತರ ದಶಕದಲ್ಲಿ ವೇದಿಕೆ ತುಂಬಾ ಜನ. ತಬಲಾ, ಢೋಲಕ್, ಕಾಂಗೋ, ಬಾಂಗೋ, ಅಕಾರ್ಡಿಯನ್, ಗಿಟಾರ್, ಪಿಟೀಲು. ಗಾಯಕರನ್ನು ‘ವಾಯ್ಸ್’ ನೋಡಿ, ಅಂದರೆ ಸಿನಿಮಾದ ಯಾರ ದನಿಗೆ ಹೋಲುತ್ತದೆ ಅಂತ ನೋಡಿ ಆರಿಸುತ್ತಿದ್ದೆವು. ಪಿ.ಬಿ. ಶ್ರೀನಿವಾಸ್ ವಾಯ್ಸ್, ಎಸ್‌ಪಿಬಿ ವಾಯ್ಸ್, ಜಾನಕಿ ವಾಯ್ಸ್. 1974ರ ನಂತರ ರಾಜ್‌ಕುಮಾರ್ ತಮ್ಮ ಹಾಡು ತಾವೇ ಹಾಡತೊಡಗಿದ್ದರಲ್ವಾ, ಹಾಗಾಗಿ ಅಣ್ಣಾವ್ರ ವಾಯ್ಸ್ ಕೂಡ ಬೇಕೇ ಬೇಕು.

ಹಾಡು ಕಲಿಯುತ್ತಿದ್ದದ್ದು ಕ್ಯಾಸೆಟ್ಟಿನಿಂದ. ಟೇಪ್ ರೆಕಾರ್ಡರಿನ ಸೆಲ್ ಇಳಿದರೆ ಹಾಡು ನಿಧಾನವಾಗಿ ಶ್ರುತಿಯೂ ಇಳಿಯುತ್ತಿತ್ತು. ಅದು ಹಾರ್ಮೋನಿಯಂನ ಎರಡು ಮನೆಗಳ ನಡುವೆ ಎಲ್ಲೋ ನಿಲ್ಲುತ್ತಿತ್ತು. ಆದ್ದರಿಂದ ಮೊದಲು ವಾದ್ಯ ಮುಟ್ಟದೆ ಕೇಳುತ್ತಿದ್ದೆವು. ಬಿಜಿಎಂ, ಅಂದರೆ ಹಾಡಿನ ನಡುವೆ ಬರುವ ವಾದ್ಯಸಂಗೀತ, ಬಾಯಲ್ಲಿ ಹಾಡಿಕೊಂಡು, ಸರಿಗಮದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡು, ಆಮೇಲೆ ನಮ್ಮ ಗಾಯಕರ ಶ್ರುತಿಗೆ ಕೂರಿಸುವುದು. ಮೈಸೂರಿನವರೇ ಆದ ರಾಜನ್–ನಾಗೇಂದ್ರ ಅವರ ಹಾಡು ಬಂದರೆ ಇದು ದೊಡ್ಡ ಕೆಲಸ. ರೆಕಾರ್ಡಿಂಗಿನಲ್ಲಿ ಪಿಟೀಲುಗಳ ಒಂದು ಗುಂಪೇ ಇರುತ್ತದೆ, ನಮ್ಮಲ್ಲಿದ್ದದ್ದು ಒಂದೇ. ಮೇಲಿನ ಸಾಲು ಪಿಟೀಲಿಗೆ ಕೊಟ್ಟು, ಕೆಳಗಿನ ಸ್ವರಗಳನ್ನು ಅಕಾರ್ಡಿಯನ್ ಮತ್ತು ಹಾರ್ಮೋನಿಯಂ ಹಂಚಿಕೊಳ್ಳುತ್ತಿದ್ದವು. ನಮ್ಮ ಪಿಟೀಲಿನವರು ಕರ್ನಾಟಕ ಸಂಗೀತದವರು. ಸ್ವರವನ್ನು ಓಲಾಡಿಸುವ ಗಮಕ ಬಿಟ್ಟು ಅದನ್ನು ನೇರವಾಗಿ ಹಿಡಿಯಲು ಅವರು ಪಟ್ಟ ಶ್ರಮ ನಾನು ಹತ್ತಿರದಿಂದ ನೋಡಿದ್ದೇನೆ. ಆ ಹಾಡುಗಳು ನಮ್ಮ ಕೈಗೆ ಬಂದದ್ದು ಅವರಿಂದಲೇ.

1987ರಲ್ಲಿ ಹಂಸಲೇಖ ಅವರ ಹಾಡುಗಳು ಊರೂರಲ್ಲಿ ಮೊಳಗಿದ ಮೇಲೆ ಜನ ಕೇಳುವ ಸದ್ದೇ ಬದಲಾಯಿತು. ನಾವು ಕೀಬೋರ್ಡ್ ಕೊಂಡೆವು. ಅದರಲ್ಲಿ ‘ಸ್ಟ್ರಿಂಗ್ಸ್’ ಅನ್ನುವ ಪಿಟೀಲು ಗುಂಪಿನ ಸದ್ದೇ ಇತ್ತು, ಪಿಟೀಲಿನವರು ಬರುವುದು ಕಡಿಮೆಯಾಯಿತು. ಕೋಲಿನಿಂದ ಬಡಿದರೆ ಬೇರೆ ಬೇರೆ ತಾಳವಾದ್ಯಗಳ ಸದ್ದು ಕೊಡುವ, ಎಂಟು ಪ್ಯಾಡಿನ ಎಲೆಕ್ಟ್ರಾನಿಕ್ ಆಕ್ಟೋಪ್ಯಾಡ್ ಬಂದಾಗ ಕಾಂಗೋ, ಬಾಂಗೋದವರು ಮನೆಯಲ್ಲೇ ಉಳಿದರು. ಬಾಡಿಗೆ ವ್ಯಾನಿನಲ್ಲಿ ಜಾಗ ಉಳಿಯಿತು, ಖರ್ಚೂ ಇಳಿಯಿತು, ನಿಜ. ಆದರೆ ಒಬ್ಬರ ಕೈ ನೋಡಿ ಇನ್ನೊಬ್ಬರು ಕಲಿಯುವುದು ಅಲ್ಲಿಗೆ ನಿಂತಿತು. ನನಗೆ ಇಂದಿಗೂ ದೊಡ್ಡ ನಷ್ಟ ಅನಿಸುವುದು ಇದೇ. ಒತ್ತಿದರೆ ಕೀಬೋರ್ಡಿನ ಶ್ರುತಿಯನ್ನೇ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ನೂ ಹಾಗೆಯೇ. ಗಾಯಕಿ ಅರ್ಧ ಮನೆ ಇಳಿಸಿ ಅಂದರೆ ಮೊದಲು ಬೆರಳೇ ಹೊಸ ದಾರಿ ಹುಡುಕಬೇಕಿತ್ತು. ಹೊಸದಾಗಿ ಬರುವ ಹುಡುಗರಿಗೆ ನಾನು ಆ ಬಟನ್ ಮುಟ್ಟಬೇಡಿ ಅನ್ನುತ್ತೇನೆ. ಮೊದಲು ಎಲ್ಲ ಶ್ರುತಿಯಲ್ಲೂ ಒಂದು ಹಾಡು ಬರಲಿ.

2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ಕ್ಕೆ ಮೈಕ್ ನಿಲ್ಲಬೇಕು. ಊಟ ಮುಗಿಸಿ ಶುರುವಾಗುತ್ತಿದ್ದ ಕಾರ್ಯಕ್ರಮ ಸಂಜೆಗೆ ಬಂತು. ಮಲಗುವ ಮಕ್ಕಳು, ಪರೀಕ್ಷೆಗೆ ಓದುವವರು ಇರುತ್ತಾರೆ, ಅದು ಸರಿಯೇ.

ಕಷ್ಟ ಬಂದದ್ದು ಕರೋಕೆಯಿಂದ, ಅಂದರೆ ವಾದ್ಯಗಳನ್ನು ಮೊದಲೇ ರೆಕಾರ್ಡ್ ಮಾಡಿಟ್ಟ ಟ್ರ್ಯಾಕಿನಿಂದ. ಈಗ ಒಂದು ಲ್ಯಾಪ್‌ಟಾಪ್, ಇಬ್ಬರು ಗಾಯಕರಿದ್ದರೆ ಪ್ರೋಗ್ರಾಮ್ ಆಗಿಹೋಗುತ್ತದೆ. 2020ರ ಕೊರೊನಾ ಕಳೆದ ಮೇಲೆ ಆಯೋಜಕರು ಅದನ್ನೇ ಕೇಳತೊಡಗಿದರು. ನಾವು ಕೂತು ಮಾತಾಡಿ, ಟ್ರ್ಯಾಕ್ ಹಾಕುವುದು ಬೇಡ ಅಂತ ತೀರ್ಮಾನಿಸಿದೆವು. ಗಾಯಕ ಒಂದು ಸಾಲು ಮರೆತರೆ ಟ್ರ್ಯಾಕ್ ಕಾಯುವುದಿಲ್ಲ, ತಬಲಾದವರು ಕಾಯುತ್ತಾರೆ. ಜನ ಒನ್ಸ್ ಮೋರ್ ಅಂದರೆ ಪಲ್ಲವಿಯಿಂದಲೇ ಮತ್ತೆ ಎತ್ತಿಕೊಳ್ಳಬಹುದು.

ಕರೆ ಕಡಿಮೆಯಾಗಿದೆ, ಭಾನುವಾರದ ಪ್ರಾಕ್ಟೀಸ್ ನಿಂತಿಲ್ಲ. ಈಗ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಬೇಸ್ ಗಿಟಾರ್ ನುಡಿಸುತ್ತಾಳೆ. ಹಾಡು ಮೊಬೈಲಿನಲ್ಲಿ ಕೇಳುತ್ತೇವೆ, ಬರೆದುಕೊಳ್ಳುವುದು ಮಾತ್ರ ಈಗಲೂ ಸರಿಗಮದಲ್ಲೇ. ಅವಳಿಗೆ ಅದು ಹೊಸದು. ಅವಳ ‘ಕಾರ್ಡ್’ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೆಸರುಗಳು ನಮ್ಮ ತಬಲಾದವರಿಗೆ ಹೊಸದು. ಈ ಗಣಪತಿ ಹಬ್ಬಕ್ಕೆ ಹಳೆಯ ಹಾಡುಗಳ ಬಿಜಿಎಂ ಅನ್ನು ಇಬ್ಬರೂ ಕೂತು ಹೊಸದಾಗಿ ಬರೆಯುತ್ತಿದ್ದಾರೆ.